ಒಳಗೆ ಬಿಟ್ಟ ಬಟ್ಟೆ

ಹನ್ನೆರಡು ಜನ, ಎರಡು ಬಕೆಟ್ ನೀರು,
ಆರು ಗಂಟೆಗೆ ತಾರಸಿ ಗುಡಿಸಿ ಬೀಗದಕೈ ವಾಪಸು.
ಪಿಳ್ಳಮ್ಮನವರ ಷರತ್ತು ಇಷ್ಟೇ.
ಹನ್ನೊಂದು ತಿಂಗಳ ಕರಾರುಪತ್ರದಲ್ಲಿ
ಸೀಮಂತದ ಮಾತು ಎಲ್ಲೂ ಇಲ್ಲವಂತೆ,
ಕನ್ನಡಕ ಹಾಕಿಕೊಂಡು ಹುಡುಕಿದ್ದಾರೆ.

ಲಗ್ಗೆರೆಯ ಮೂರನೇ ಮಹಡಿಯ ಮೇಲೆ
ಸಿಂಟೆಕ್ಸ್ ತೊಟ್ಟಿಯ ನೆರಳಿಗೆ ಒಂದು ಕುರ್ಚಿ,
ಅದಕ್ಕೆ ನನ್ನ ಮದುವೆಯ ಸೀರೆ ಹೊದಿಸಿದೆ.
ಉಟ್ಟಿದ್ದಕ್ಕಿಂತ ಹೊದಿಸಿದ್ದೇ ಹೆಚ್ಚು ಆ ಸೀರೆಯನ್ನು.
ಇರಲಿ, ಇವತ್ತು ನನ್ನ ಕತೆ ಅಲ್ಲ.

ಏಳು ಬಗೆ ಅನ್ನ ಆಗಬೇಕು ಎಂದರು ಯಾರೋ.
ಡಬ್ಬಿಗಳ ಮುಚ್ಚಳ ತೆಗೆದು ಎಣಿಸಿದೆವು:
ಚಿತ್ರಾನ್ನ, ಮೊಸರನ್ನ, ಪುಳಿಯೋಗರೆ, ಕಾಯನ್ನ,
ಸಿಹಿ ಪೊಂಗಲು, ಶಮೀನಾ ಮನೆಯ ಕುಷ್ಕ.
ಆರು.
ಮೆಟ್ಟಿಲ ಬುಡದಿಂದ ಪಿಳ್ಳಮ್ಮ ಕೂಗಿದರು:
"ಬಿಳೀ ಅನ್ನ ಅನ್ನ ಅಲ್ವೇನ್ರೇ?"

ದಾಕ್ಷಿ ಬಂದಳು, ತಿರುವಿಗೊಮ್ಮೆ ನಿಂತು,
ಮೀಟರಿನ ಮೇಲೆ ಇಪ್ಪತ್ತು ಕೇಳಿದ ಆಟೋದವನನ್ನು
ಇನ್ನೂ ಬಯ್ಯುತ್ತ.
ಅವಳ ಅಳತೆಯೆಲ್ಲ ನನಗೆ ಬಾಯಿಪಾಠ,
ಎರಡು-ಆರರ ಹಸಿರು ಬಳೆ ತಂದಿದ್ದೆ.
ಕೈ ಊದಿತ್ತು. ಸೋಪು ಹಚ್ಚಿ, ಪ್ಲಾಸ್ಟಿಕ್ ಚೀಲ ತೊಡಿಸಿ,
ಬೆರಳ ಗೆಣ್ಣು ಒತ್ತಿ ಒತ್ತಿ ಏರಿಸುವಾಗ
ಮೂರು ಒಡೆದವು.
ಒಡೆದವು ಅನ್ನಬಾರದು, ಹೆಚ್ಚಿದವು ಅನ್ನಬೇಕು,
ಎಂದರು ನಾಗವೇಣಿಯ ಅತ್ತೆ,
ಲೆಕ್ಕಕ್ಕೆ ಹದಿಮೂರನೆಯವರು.

ಅವರೇ ಮುಂದುವರಿಸಿದರು:
ಕೂಸು ಹುಟ್ಟುವ ಮೊದಲು ಬಟ್ಟೆ ಹೊಲಿಯಬಾರದು,
ತೊಟ್ಟಿಲು ತರಬಾರದು,
ಹೆಸರನ್ನು ಮನಸ್ಸಿನಲ್ಲೂ ಅನ್ನಬಾರದು.
ಹೂಂ ಎಂದು ತಲೆಯಾಡಿಸಿದೆವು
ನಾಲ್ಕನೇ ಲೈನಿನ ಹನ್ನೆರಡೂ ಹೆಂಗಸರು.

ಗಂಟೆಗೆ ಎಂಬತ್ತು ಅಂಗಿ,
ಒಂದೊಂದೂ ನನ್ನ ಅಂಗೈಗಿಂತ ತುಸು ದೊಡ್ಡದು,
ಎದೆಗೆ ಬಾತುಕೋಳಿ, ಬೆನ್ನಿಗೆ ಮೂರು ಗುಂಡಿ.
ಹಡಗು ಹತ್ತಿ ಹೋಗುತ್ತವೆ.
ಎಲ್ಲೋ ಯಾರದೋ ಹೊಟ್ಟೆಯಲ್ಲಿ ಇನ್ನೂ ಮಗ್ಗುಲು ಬದಲಿಸುತ್ತಿರುವ
ಮಕ್ಕಳಿಗೆ ಐದು ವರ್ಷದಿಂದ ಹೊಲಿದಿದ್ದೇವೆ,
ಕೊರಳ ಪಟ್ಟಿ ದಾಕ್ಷಿಯದು, ಗುಂಡಿಯ ಮನೆ ನನ್ನದು.
ಅವಕ್ಕೆಲ್ಲ ಯಾವ ದೋಷ ತಟ್ಟಿತೋ ಕೇಳಿದವರಿಲ್ಲ.

ಯಾರೂ ಯಾರ ಮುಖವನ್ನೂ ನೋಡಲಿಲ್ಲ.
ಆಮೇಲೆ ದಾಕ್ಷಿಯೇ ನಕ್ಕಳು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು:
"ಮೊದಲು ಇದು ಚೆಕಿಂಗ್‌ನಲ್ಲಿ ಪಾಸಾಗ್ಲಿ ಕಣ್ರೇ."

ಮಡಿಲು ತುಂಬುವುದು ತವರಿನವರಂತೆ.
ಮಧುಗಿರಿ ಇಲ್ಲಿಗೆ ಎರಡೂವರೆ ಗಂಟೆಯ ದಾರಿ.
ಅವಳ ತೊಡೆಯ ಮೇಲೆ ಫೋನು ಒಮ್ಮೆ ಬೆಳಗಿತು,
ಸಾಲ ಬೇಕೇ ಎಂದು ಕೇಳುವವರು.
ನಾನು ಎದ್ದು ಮೊರ ತೆಗೆದುಕೊಂಡೆ.
ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು, ಅರಿಶಿನದ ಕೊಂಬು.
ಸೆರಗು ಸಾಲದೆ ಅಕ್ಕಿ ಜಾರಿ ಸಿಮೆಂಟಿನ ಮೇಲೆ ಚೆಲ್ಲಿತು,
ಪಾರಿವಾಳಗಳು ಯಾರಿಗೂ ಹೇಳಿಸಿಕೊಳ್ಳದೆ ಬಂದವು.

ಎಲ್ಲರೂ ಹೋದ ಮೇಲೆ
ಬಳೆಯ ಚೂರು ಗುಡಿಸುತ್ತಿದ್ದೆ.
ದಾಕ್ಷಿ ತೋಳೆತ್ತಿ ಕಂಕುಳ ಕೆಳಗೆ ತೋರಿಸಿದಳು:
"ಉಸಿರು ಕಟ್ತಿದೆ, ಸ್ವಲ್ಪ ಬಿಚ್ಚೇ."
ರಿಜಿಸ್ಟ್ರಾರ್ ಆಫೀಸಿಗೆಂದು ನಾನೇ ಹೊಲಿದ ರವಿಕೆ ಅದು.
ಪಕ್ಕಕ್ಕೆ ಎರಡಿಂಚು ಒಳಗೆ ಬಿಟ್ಟಿದ್ದೆ.
ಯಾಕೇ ಇಷ್ಟು ದಂಡ, ನಾನೇನು ಡ್ರಮ್ ಆಗ್ತೀನಾ
ಎಂದು ಅವತ್ತು ಜಗಳವಾಡಿದ್ದಳು.
ಒಂದು ಹೊಲಿಗೆ ನಾಲ್ಕನೇ ತಿಂಗಳಲ್ಲಿ ಬಿಚ್ಚಿದೆ,
ಇನ್ನೊಂದು ಆರರಲ್ಲಿ.
ಇದು ಕೊನೆಯದು.

ಬ್ಲೇಡಿನ ತುದಿಗೆ ದಾರ ಟಿಕ್ ಟಿಕ್ ಎಂದು ಬಿಡುತ್ತ ಬಂತು.
ಹೊರಗೆ ಬಣ್ಣ ಮಾಸಿದೆ.
ಒಳಗೆ, ಬಿಸಿಲೇ ಕಾಣದ ಒಂದು ಬೆರಳಗಲ ಪಟ್ಟಿ
ಅಂಗಡಿಯಲ್ಲಿ ತಾನಿನಿಂದ ಕತ್ತರಿಸಿದಾಗ ಇದ್ದಂತೆಯೇ
ಗಿಳಿಹಸಿರು.
ಅಲ್ಲಿ ಏನೋ ಒದ್ದಿತು, ನನ್ನ ಮಣಿಕಟ್ಟಿಗೆ.

ಕೆಳಗಿನಿಂದ ಪಿಳ್ಳಮ್ಮ: "ಆರೂಕಾಲಾಯ್ತು!"
ಬಂದೆ ಎಂದೆ, ಸೂಜಿಗೆ ದಾರ ಪೋಣಿಸುತ್ತ.