ಮಂಗಳವಾರದ ಪಾಠ

ಸೌತ್ ಶೀಲ್ಡ್ಸ್, ಬಂದರಿನ ಹಿಂದೆ, ಚರ್ಚಿನ ಹಾಲು.
ಹೀಟರು ಕೆಮ್ಮುತ್ತದೆ, ಕಾಯುವುದಿಲ್ಲ.
ಆರು ಜನ ಬರಬೇಕು. ಬಂದವರು ಇಬ್ಬರು:
ಕೋಟು ಬಿಚ್ಚದ ಲೆತೆಬ್ರಹಾನ್,
ಅವಳ ಮಡಿಲಲ್ಲಿ ನಿದ್ದೆಹೋದ ಮಗು.
ಅದನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ,
ಒಬ್ಬರೇ ಆದರೆ ತರಗತಿ ಮುಚ್ಚುತ್ತಾರೆ.

ನಾನು ಟೀಚರಲ್ಲ. ಮೂವತ್ತೊಂದು ವರ್ಷ
ಶಾಲೆಯ ಅಡಿಗೆಮನೆಯಲ್ಲಿ ಬಟಾಣಿ ಬಡಿಸಿದವಳು.
ವ್ಯಾಕರಣ ಗೊತ್ತಿಲ್ಲ, ಭಾಷೆ ಗೊತ್ತು,
ಕತ್ತಲಲ್ಲಿ ಕಾಲಿಗೆ
ಮನೆಯ ಮೆಟ್ಟಿಲು ಗೊತ್ತಿರುವ ಹಾಗೆ.

ಬೋರ್ಡಿನ ಮೇಲೆ ಬರೆದೆ: ಡಬ್ಲ್ಯೂ, ಎಚ್, ವೈ.
ಮೊದಲೆರಡು ಬರೀ ಉಸಿರು ಕಣೇ, ಅಂದೆ,
ಕೊನೆಯದೊಂದೇ ಇಡೀ ಪದ.
ಅವಳು ಪುಸ್ತಕದಲ್ಲಿ ಅದೊಂದನ್ನೇ ಬರೆದುಕೊಂಡಳು.
ಕವಲೊಡೆದ ಕಡ್ಡಿ.
"ನನ್ನ ತಮ್ಮ ಇದಕ್ಕೆ ರಬ್ಬರು ಕಟ್ಟಿ
ಹಕ್ಕಿ ಹೊಡೀತಿದ್ದ. ಒಂದೂ ಬೀಳುತ್ತಿರಲಿಲ್ಲ."

"ನಮ್ಮಲ್ಲಿ ನಿಮಿಂತಾಯ್," ಅಂದಳು, ಬಿಡಿಸಿ ತೋರಿಸಿದಳು:
ಇಂತಾಯ್ ಅಂದರೆ ಏನು,
ಮುಂದೆ ಒಂದು ಚೂರು ಅಂಟಿಸಿದರೆ ಏನಕ್ಕೆ.
ಎಷ್ಟು ನೇರ ಪದ! ಕೈ ಚಾಚಿ ನಿಂತಿದೆ,
ಏನಾದರೂ ಇಡಲೇಬೇಕು ಅದರ ಅಂಗೈಗೆ.

ನಮ್ಮದು ಸ್ವಲ್ಪ ಕಳ್ಳ ಪದ, ಅಂದೆ.
ವೈ ಡೋಂಟ್ ಯೂ ಸಿಟ್ ಡೌನ್ ಅಂದರೆ
ಯಾಕೆ ಕೂತಿಲ್ಲ ಅಂತ ವಿವರಿಸಬೇಡ, ಕೂತುಬಿಡು.
ಅದು ಪ್ರಶ್ನೆಯಲ್ಲ, ಕುರ್ಚಿ.
ಅವಳು ನಗುತ್ತಾಳೆ. ಆಸ್ಪತ್ರೆಯಲ್ಲಿ ನರ್ಸು ಹಾಗಂದಾಗ
ನಿಂತೇ ಮೂರು ಕಾರಣ ಕೊಟ್ಟಿದ್ದಳಂತೆ,
ಮೂರನೆಯದು ಸುಳ್ಳಂತೆ.

ಇನ್ನೊಂದು ಬಿಸ್ಕತ್ತು? ವೈ ನಾಟ್.
ಅಲ್ಲಿ ಅದು ತಟ್ಟೆಗೆ ಬರುವ ಕೈ.
ನಮ್ಮಜ್ಜಿ ಕಿಟಕಿ ತೆಗೆದವಳೇ, ವೈ, ಹಿಮ ಬಿತ್ತಲ್ಲೇ! ಅನ್ನುತ್ತಿದ್ದಳು.
ಅಲ್ಲಿ ಅದು ಮೇಲೇರಿದ ಹುಬ್ಬು, ಅಷ್ಟೇ.

ಅವಳು ಕೋಟಿನೊಳಗಿಂದ ಕಾಗದ ತೆಗೆದಳು,
ನಾಲ್ಕು ಮಡಿಕೆ, ಮಡಿಕೆಯಲ್ಲಿ ಹರಿದದ್ದು.
ಕಚೇರಿಯವರು ಕೇಳಿದ್ದು, ಇವಳು ಹೇಳಿದ್ದು, ಟೈಪಾಗಿದೆ.
ಆ ಪದ ಬಂದಲ್ಲೆಲ್ಲ ಪೆನ್ಸಿಲ್ಲಿನ ಗೆರೆ. ಅರವತ್ತಮೂರು.
ಯಾಕೆ ಓಡಿದೆ. ಯಾಕೆ ರಾತ್ರಿಯೇ.
ಯಾಕೆ ಇಟಲಿಯಲ್ಲಿ ಉಳಿಯಲಿಲ್ಲ.
ಯಾಕೆ ತಮ್ಮನನ್ನು ಜೊತೆಗೆ ಕರೆತರಲಿಲ್ಲ.
"ಇಲ್ಲಿ ಇದು," ಬೆರಳಿಟ್ಟು ಕೇಳಿದಳು,
"ಕುರ್ಚಿಯಾ? ಹುಬ್ಬಾ?"

ಹೀಟರು ಕೆಮ್ಮಿತು.

ಹಡಗಿನ ಯಾರ್ಡು ಮುಚ್ಚಿದ ವರ್ಷ ನನ್ನ ಕತ್‌ಬರ್ಟ್
ಒಂದು ಚಳಿಗಾಲ ಪೂರ್ತಿ
ಈ ಮೂರಕ್ಷರವನ್ನು ಚಹಾದಲ್ಲಿ ಕಲಕುತ್ತ ಕೂತಿದ್ದ.
ಕರಗಲಿಲ್ಲ. ನಾನು ಕಪ್ಪು ತೊಳೆದಿಡುತ್ತಿದ್ದೆ.
ಅದನ್ನು ಅವಳಿಗೆ ಹೇಳಬೇಕೆನಿಸಿತು, ಹೇಳಲಿಲ್ಲ.
ಅವನು ಕಳೆದದ್ದು ಕೆಲಸ.
ಕೆಟಲ್ಲಿಗೆ ನೀರು ತುಂಬಿಸಲು ಎದ್ದೆ,
ಅದು ಆಗಲೇ ತುಂಬಿತ್ತು.

ಮಗು ಎದ್ದು ಚಾಕ್ ಕೇಳಿತು, ಕೊಟ್ಟೆವು,
ತಿಂದು ನೋಡಿ ಉಗಿಯಿತು. ಯಾಕೆ ಅಂತ ನಾವಿಬ್ಬರೂ ಕೇಳಲಿಲ್ಲ.

ಹೊರಡುವ ಹೊತ್ತಿಗೆ, ಶಾಲು ಬಿಗಿದುಕೊಳ್ಳುವವಳನ್ನು
ಮುಂದಿನ ವಾರ ಬರ್ತೀಯಲ್ಲ, ಅಂದೆ.
"ವೈ ಐ," ಅಂದಳು.
ಅಪ್ಪಟ ಟೈನ್ ನದಿಯ ದನಿ! ನಾನು ಕಲಿಸಿದ್ದಲ್ಲ.
ಬಸ್ಸಿನ ಡ್ರೈವರು ದಿನವೂ ಹಾಗೇ ಅಂತಾನಂತೆ,
ಚೀಟಿ ತೋರಿಸಿ ಒಳಗೆ ಬರಲಾ ಅಂದರೆ.
ಬಾರಮ್ಮ, ಅದಕ್ಕೇನು ಕೇಳ್ತೀಯ, ಅಂತ ಅರ್ಥ.
ಈ ಊರಲ್ಲಷ್ಟೇ ಆ ಪದಕ್ಕೆ ಆ ಅರ್ಥ.

ಬೋರ್ಡು ಒರೆಸಿದೆ. ಹಾಜರಿ ತುಂಬಿದೆ.
ಬಾರದ ಐವರ ಹೆಸರಿನ ಮುಂದೆ
ಕಾರಣ ಅನ್ನುವ ಒಂದು ಅಂಕಣವಿದೆ,
ಖಾಲಿ ಬಿಡಬಾರದೆಂದು ಕೆಳಗೆ ಅಚ್ಚಾಗಿದೆ.
ಖಾಲಿ ಬಿಟ್ಟೆ.
ದೀಪ ಆರಿಸಿದೆ.