ಚೆಕ್ಕುಬಂದಿ

ಮನೆಯ ಎದುರು ನಿಲ್ಲಿ ಅಂದೆ.
ಯಾವ ಮನೆ ಅಂತ ಕೇಳಲಿಲ್ಲ ಪೂವಕ್ಕ.
ಸೆರಗು ಸರಿಮಾಡಿಕೊಂಡು ಮೇಲೆ ನೋಡಿದಳು.
ಬರೆ ಜರಿದುಹೋದ ಕಡೆ ಹದ್ದೊಂದು ತಿರುಗುತ್ತಿತ್ತು,
ಸುಮಾರು ಅವಳ ಅಡುಗೆಮನೆ ಇದ್ದ ಎತ್ತರದಲ್ಲಿ.

ನಿಯಮ ಸರಳ:
ಅರ್ಜಿದಾರರು ಹಾನಿಗೊಂಡ ಮನೆಯ ಮುಂದೆ ನಿಂತಿರತಕ್ಕದ್ದು.
ಮುಖ ಕಾಣತಕ್ಕದ್ದು.
ಹಾನಿ ಮೂರು ಬಗೆ: ಪೂರ್ಣ, ತೀವ್ರ, ಭಾಗಶಃ.
ಹೊರಟುಹೋದ ಮನೆಗೆ ಕಾಲಂ ಇಲ್ಲ.

ನಾನು ಹಿರೇಕೆರೂರು ಕಡೆಯವನು,
ಈ ವೃತ್ತಕ್ಕೆ ಬಂದು ಏಳು ತಿಂಗಳು.
ನಮ್ಮಲ್ಲಿ ಬದು ಒತ್ತುತ್ತಾರೆ, ವರ್ಷಕ್ಕೊಂದು ಗೇಣು;
ಹೊಲವೇ ಎದ್ದು ನಡೆದದ್ದು ಕೇಳಿರಲಿಲ್ಲ.

ತೊಡೆಯ ಮೇಲೆ ಹಲಗೆ ಇಟ್ಟು ಮಹಜರಿಗೆ ಕೂತೆ.
ಪೂರ್ವಕ್ಕೆ?
ತಿಮ್ಮಯ್ಯನವರ ಏಲಕ್ಕಿ.
ಈಗ?
ಈಗ ತೋಡು.
ಪಶ್ಚಿಮಕ್ಕೆ?
ರಸ್ತೆ.
ಈಗ?
ನಕ್ಕಳು.
ಉತ್ತರಕ್ಕೆ ಸರ್ಕಾರಿ ಪೈಸಾರಿ,
ಅದು ಮರಗಳ ಸಮೇತ ಇಳಿದುಬಂದು
ಶಾಲೆಯ ಅಂಗಳದಲ್ಲಿದೆ.
ದಕ್ಷಿಣವನ್ನು ಕೇಳಲಿಲ್ಲ.
ಅಲ್ಲಿ ಮೈದುನನ ಮನೆ ಇತ್ತೆಂದು
ಗಂಜಿ ಕೇಂದ್ರದ ಪಟ್ಟಿಯಲ್ಲಿ ಓದಿದ್ದೆ,
ಮೂರು ಹೆಸರು, ಎದುರಿಗೆ ಕೆಂಪು ಶಾಯಿ.

ಪಹಣಿ ಇನ್ನೂ ಮಾವನ ಹೆಸರಲ್ಲೇ.
ಮಾವ ತೀರಿ ಹತ್ತೊಂಬತ್ತು ವರ್ಷ.
‘ಅವರ ಹೆಸರಿಗೇ ಬರಲಿ ಸಾರ್ ದುಡ್ಡು,
ಅವರೇ ಬಂದು ಸಹಿ ಹಾಕಲಿ’ ಅಂದಳು.
ತಮಾಷೆಯೋ ಸಿಟ್ಟೋ, ತಿಳಿಯಲಿಲ್ಲ.

ಆಮೇಲೆ ಅವಳೇ ಕರೆದೊಯ್ದಳು ಕೆಳಕ್ಕೆ,
ಬೇರು ಹಿಡಿದು, ಕೂತು, ಜಾರಿ, ಮುನ್ನೂರು ಅಡಿ.
ಮೊಯ್ದುವಿನ ಗದ್ದೆಯಲ್ಲಿ, ಕೆಸರಿನ ನಡುವೆ,
ಚಾಪೆಯಷ್ಟಗಲ ರೆಡಾಕ್ಸೈಡ್ ನೆಲ,
ಒಂದು ಬಿರುಕಿಲ್ಲ.
ಮೂಲೆಯಲ್ಲಿ, ಸಿಮೆಂಟು ಹಸಿಯಿದ್ದಾಗ
ಕೋಳಿಯೊಂದು ನಡೆದ ಗುರುತು.
‘ಬೈದಿದ್ದೆ ಆವತ್ತು ಅದಕ್ಕೆ’ ಅಂದಳು.
ತೋಡಿಗಿಳಿದು ಕಾಲು ತೊಳೆದು ಬಂದು
ಆ ನೆಲದ ಮೇಲೆ ನಿಂತಳು.
‘ಈಗ ತೆಗೀರಿ.’

ತೆಗೆದೆ. ಆ್ಯಪು ಸ್ವಲ್ಪ ಹೊತ್ತು ಸುತ್ತಿ ಹೇಳಿತು:
ನೀವು ಸ್ವತ್ತಿನ ಗಡಿಯೊಳಗೆ ಇಲ್ಲ.
ಇನ್ನೊಮ್ಮೆ.
ನೀವು ಸ್ವತ್ತಿನ ಗಡಿಯೊಳಗೆ ಇಲ್ಲ.
‘ಏನಂತದೆ?’
ನೆಟ್‌ವರ್ಕ್ ಇಲ್ಲ ಅಂದೆ.

ಕಡತ ಎರಡು ಸಲ ವಾಪಸು ಬಂತು ಮಡಿಕೇರಿಯಿಂದ:
ಸ್ವತ್ತನ್ನು ಸ್ಥಳದಲ್ಲಿ ಗುರುತಿಸಿ ಮರುಸಲ್ಲಿಸುವುದು.
ಮೊದಲ ಕಂತಿನ ಹತ್ತು ಸಾವಿರದಲ್ಲಿ ಅವಳು
ಎರಡು ಪಾತ್ರೆ, ಒಂದು ಕತ್ತಿ, ಮಗಳ ಕನ್ನಡಕ ಕೊಂಡಳು;
ಲೆಕ್ಕ ನಾನು ಕೇಳಿರಲಿಲ್ಲ, ಅವಳೇ ಒಪ್ಪಿಸಿದಳು.

ಮಾರ್ಚಿನಲ್ಲಿ ಹೂಮಳೆ ಬಿತ್ತು.
ಅವಳ ಬಾಣೆಯಿಂದ ಮಣ್ಣಿನೊಂದಿಗೇ ಇಳಿದ
ನಲವತ್ತೋ ಐವತ್ತೋ ರೋಬಸ್ಟಾ ಗಿಡ
ಓರೆಯಾಗಿ ನಿಂತಲ್ಲೇ,
ಇನ್ನೊಬ್ಬರ ಸರ್ವೆ ನಂಬರಿನಲ್ಲಿ,
ಒಂದೇ ಬೆಳಗಿಗೆ ಹೂವಾದವು.

ಮೊಯ್ದು ಬೇಲಿ ಹಾಕಿದ.
ಗದ್ದೆ ಅವನದು, ತಪ್ಪಲ್ಲ.
ಮೇಲಿನ ಮಗ್ಗುಲಲ್ಲಿ ಮಾತ್ರ ಒಂದು ತಡಮೆ ಬಿಟ್ಟಿದ್ದಾನೆ,
ಬುಟ್ಟಿ ಹಿಡಿದು ಒಬ್ಬಳು ದಾಟುವಷ್ಟು.

ಮೂರನೆಯ ಸಲ ಮಹಜರು ಬರೆಯುತ್ತಿದ್ದೇನೆ.
ಆ ತಡಮೆ
ಯಾವ ದಿಕ್ಕಿಗೆ ಬರುತ್ತದೆ?