ಏಳನೇ ತಟ್ಟೆ, ಎಚ್ ಮೂರು

ಪ್ರಾಗ್. ಎಂಬತ್ತೊಂದರ ಡಿಸೆಂಬರ್ ಇಪ್ಪತ್ತನಾಲ್ಕು.
ಊರಿನ ಬಚ್ಚಲ ತೊಟ್ಟಿಗಳಲ್ಲೆಲ್ಲ
ರಾತ್ರಿಯೂಟದ ಕಾರ್ಪ್ ಮೀನು ಈಜುತ್ತಿರುವ ಹೊತ್ತು
ಬ್ಲಾಜೆನಾ ಖಾಲಿ ಟ್ರಾಮಿನಲ್ಲಿ ಬಂದಳು.
ಕಣಗಳಿಗೆ ಹಬ್ಬ ಗೊತ್ತಿಲ್ಲ,
ಹಸಿವು ಗೊತ್ತು.

ಹತ್ತು ತಟ್ಟೆ. ತಟ್ಟೆಗೆ ತೊಂಬತ್ತಾರು ಗುಳಿ.
ಇಲಿಯ ಗುಲ್ಮದ ಕಣಕ್ಕೆ
ಸಾಯಲೊಲ್ಲದ ಗಡ್ಡೆಯ ಕಣವನ್ನು ಗಂಟುಹಾಕಿ
ಮೂರು ವಾರ. ಮದುವೆ ಅನ್ನಬೇಡಿ, ಅಂದಿದ್ದಳು ನಮಗೆ,
ಅವನ್ನು ಯಾರೂ ಕೇಳಿಲ್ಲ.

ಮುಕ್ಕಾಲುಪಾಲು ಸತ್ತವು.
ಉಳಿದವು ಉಗುಳಿದ ಪ್ರತಿಕಾಯಗಳಲ್ಲಿ
ಒಂದು ಕರುವಿನ ಸೀರಮ್ಮಿಗೆ ಅಂಟಿತು, ಒಂದು ಬರೀ ಪ್ಲಾಸ್ಟಿಕ್ಕಿಗೆ,
ಇನ್ನೊಂದು ಕಂಡಕಂಡದ್ದಕ್ಕೆಲ್ಲ. ಚರಂಡಿಗೆ.
ಏಳನೇ ತಟ್ಟೆಯ ಎಚ್ ಮೂರು ಮಾತ್ರ
ಟಿ ಕಣದ ಮೈಮೇಲಿನ ಒಂದೇ ಒಂದು ಪ್ರೋಟೀನನ್ನು,
ಕತ್ತಲಲ್ಲಿ ಚಿಲಕ ತಡವಿದ ಹಾಗೆ ತಡವಿ,
ಹಿಡಿಯಿತು.
ಮೈಕ್ರೋಸ್ಕೋಪಿನಲ್ಲಿ ಕಣದ ಸುತ್ತ ಹಸಿರು ಬಳೆ.

ಹೆಸರಿಡೋಣ, ಅಂದರು ಡಾಕ್ಟರ್ ಹಾವ್ರಾನೆಕ್.
ಅವಳಾಗಲೇ ಸೀಸೆಗೆ ಪೆನ್ಸಿಲ್ಲಿನಲ್ಲಿ ಬರೆದಿದ್ದಳು:
೭ಎಚ್೩.

ಅವಳ ಬೆರಳ ಗೆಣ್ಣುಗಳು ಊದಿವೆ.
ಆರು ವರ್ಷದಿಂದ ಅವಳದೇ ಟಿ ಕಣಗಳು
ಅವಳದೇ ಕೀಲುಗಳ ಮುಂದೆ ನಿಂತು
ಗುರುತಿನ ಚೀಟಿ ಕೇಳುತ್ತಿವೆ.
ಹುಟ್ಟಿದಂದಿನಿಂದ ಅದೇ ಬೀದಿಯಲ್ಲಿದ್ದ ಕೀಲು
ಏನು ತೋರಿಸೀತು?
ಪಿಪೆಟ್ಟಿನ ಗುಂಡಿ ಒತ್ತುವಾಗ ಹೆಬ್ಬೆರಳು ಏನೋ ಹೇಳುತ್ತದೆ,
ಅವಳು ಹನಿ ಎಣಿಸುತ್ತಿರುತ್ತಾಳೆ.

ಎರಡು ವರ್ಷದ ಮೇಲೆ, ಮಾರ್ಚಿನಲ್ಲಿ,
ಒಬ್ಬ ಮನುಷ್ಯನಿಗೆ ಕೊಟ್ಟರು.
ಟ್ರಾಮು ಓಡಿಸುವ ಒತಾಕರ್. ಅಕ್ಕನ ಕಿಡ್ನಿ
ಅವನೊಳಗೆ ಹನ್ನೊಂದು ದಿನದ ಬಾಡಿಗೆದಾರ,
ಮೈ ಆಗಲೇ ಸಾಮಾನು ಹೊರಗೆಸೆಯುತ್ತಿತ್ತು.
ಸೂಜಿ ಇಳಿದ ಗಂಟೆಯೊಳಗೆ
ಮಂಚವೇ ಗಡಗಡ ನಡುಗಿತು.
ಸುಮ್ಮನಿರಿಸಲು ಹೋದ ಕೈ
ಮೊದಲು ಎಲ್ಲ ಕಾವಲುಗಾರರನ್ನೂ ಒಟ್ಟಿಗೇ ಎಬ್ಬಿಸಿತ್ತು.
ಆಮೇಲೆ ಮೌನ.
ನಾಲ್ಕನೇ ದಿನ ಆಸ್ಪತ್ರೆಯಿಂದ ಫೋನು:
ಮೂತ್ರ, ಒಂದೂವರೆ ಲೀಟರು.
ಗಾಜು ತೊಳೆಯುತ್ತಿದ್ದ ನಾನು ಕೂಡ ಕೇಕೆ ಹಾಕಿದೆ.

ಎಲೆ ಉದುರುವ ಹೊತ್ತಿಗೆ ಮತ್ತೆ ಕೊಟ್ಟರು.
ಏನೂ ಆಗಲಿಲ್ಲ.
ಅವನ ರಕ್ತ ಅಷ್ಟರಲ್ಲಿ ಕಲಿತುಬಿಟ್ಟಿತ್ತು:
ಬೆರಳು ಎಷ್ಟೇ ಸಾಚಾ ಇರಲಿ,
ತೋಳು ಇಲಿಯದು.

ಕಿಡ್ನಿ ತೆಗೆದರಂತೆ. ಅಕ್ಕ ಎರಡು ದಿನ
ಯಾರೊಡನೆಯೂ ಮಾತಾಡಲಿಲ್ಲವಂತೆ.

ನಿನ್ನ ಕೈಗೂ ಒಂದು ದಿನ ಇಂಥದ್ದೇನಾದರೂ ಬಂದೀತು,
ಅಂದೆ ಬ್ಲಾಜೆನಾಗೆ. ಅವಳು ನಕ್ಕಳು.
ಮೊದಲು ಈ ಮುಚ್ಚಳ ಬಿಚ್ಚಿಕೊಡು.

ಮತ್ತೆ ಡಿಸೆಂಬರ್ ಇಪ್ಪತ್ತನಾಲ್ಕು.
ಅವಳ ಬಚ್ಚಲಲ್ಲೂ ಒಂದು ಕಾರ್ಪ್ ಇದೆ,
ಸುತ್ತಿಗೆ ಹಿಡಿಯಲಾರಳು, ಪಕ್ಕದ ಮನೆಯವನು ಬರಬೇಕು.
ಅವನು ಬರುವುದು ಐದಕ್ಕೆ. ಇನ್ನೂ ಹೊತ್ತಿದೆ.
ನೈಟ್ರೋಜನ್ ಪೀಪಾಯಿಯ ಬಿಳಿ ಹೊಗೆಯೊಳಗಿಂದ
ಒಂದು ಸೀಸೆ ಎತ್ತಿ, ಅಂಗೈಯಲ್ಲಿ ಕರಗಿಸಿ,
ಹೊಸ ತಟ್ಟೆಗೆ ಸುರಿದಳು.
ಸೋತ ಸುದ್ದಿ ಅದಕ್ಕಿನ್ನೂ ತಲುಪಿಲ್ಲ.
ಬೆಳಗಾಗುವುದರೊಳಗೆ
ಒಂದು ಎರಡಾಗಿರುತ್ತದೆ.